ಮರಕ್ಕೆ ಕಟ್ಟಿದ ಹುಲಿಯಜ್ಜಿ

ಕೆರಿಯಮ್ಮನ ಗಂಟಲಿನ ವಿಷಯ ಅರಳಸುರಳಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಕೇಳಬೇಕಾಗಿಯೂ ಇಲ್ಲ. ಬೆಳಿಗ್ಗೆ ಏಳು ಗಂಟೆಗೆ ಬಸ್ ನಿಲ್ಲುವ ಜಾಗದಲ್ಲಿ ಸುಮ್ಮನೆ ನಿಂತರೆ ತಾನಾಗಿಯೇ ಕೇಳಿಸುತ್ತದೆ. ಅವಳು ಗಂಡ ಪುಟ್ಟಪ್ಪನನ್ನು ಕಾಫಿಗೆ ಕರೆದರೆ ಮೂರನೇ ಮನೆಯವರೂ ಎದ್ದು ಕೈಕಾಲು ತೊಳೆದುಕೊಳ್ಳುತ್ತಾರೆ ಎಂದು ಊರಿನವರು ತಮಾಷೆ ಮಾಡುವುದುಂಟು. ಮಗಳನ್ನು ನೋಡಲು ಗಂಡಿನ ಕಡೆಯವರು ಬಂದ ದಿನ ಅತ್ತೆ, ಮಾವ, ಗಂಡ ಮೂವರೂ ಸೇರಿ, ಇವತ್ತೊಂದು ದಿನ ಬಾಯಿ ತೆಗೆಯಕೂಡದು ಎಂದು ಅವಳಿಗೆ ಕಟ್ಟಪ್ಪಣೆ ಮಾಡಿದ್ದರು. ಬಂದವರು ಹುಡುಗಿಯ ತಾಯಿಗೆ ಪಾಪ ಮಾತೇ ಬರುವುದಿಲ್ಲವೆಂದುಕೊಂಡು, ಮರುಕಪಟ್ಟು, ಸಂಬಂಧ ಒಪ್ಪಿಕೊಂಡು ಹೋದರು. ಮದುವೆಯ ದಿನ ಛತ್ರದಲ್ಲಿ ಆಕೆ "ಅನ್ನ ಬಂತಾ?" ಎಂದು ಕೂಗಿದಾಗ ಬೀಗರ ಎದೆ ಧಸಕ್ಕೆಂದಿತು. ಅಷ್ಟರಲ್ಲಿ ತಾಳಿ ಕಟ್ಟಿಯಾಗಿತ್ತು.

ಅರವತ್ನಾಲ್ಕು ವರ್ಷಗಳಲ್ಲಿ ಈ ಗಂಟಲು ಆಕೆಗೆ ಪ್ರಯೋಜನಕ್ಕೆ ಬಂದದ್ದು ಒಂದೇ ಕೆಲಸಕ್ಕೆ, ಮಂಗ ಓಡಿಸಲಿಕ್ಕೆ. ತೀರ್ಥಹಳ್ಳಿ, ಹೊಸನಗರ, ಸಾಗರ ಈ ಮೂರು ತಾಲ್ಲೂಕಿನ ಜನ ಬೇರೆ ಯಾವ ವಿಷಯಕ್ಕೂ ಒಂದಾಗುವವರಲ್ಲ. ಮಂಗದ ಮಾತು ಬಂದರೆ ಮಾತ್ರ ಎಲ್ಲರದೂ ಒಂದೇ ಗೋಳು. ಬಾಳೆಗೊನೆ ಬಲಿಯುವ ಮೊದಲೇ ಖಾಲಿ, ಎಳನೀರು ತೂತು, ಎಳೆ ಅಡಿಕೆ ನೆಲದ ಮೇಲೆ. ಪಟಾಕಿ ಹೊಡೆದದ್ದಾಯಿತು, ನಾಯಿಗೆ ಹುಲಿಪಟ್ಟೆ ಬಳಿದದ್ದಾಯಿತು, ಅಂಗಡಿಯಿಂದ ಹುಲಿಗೊಂಬೆ ತಂದು ಬೇಲಿಯ ಮೇಲೆ ಕೂರಿಸಿದ್ದಾಯಿತು. ಮೂರನೆಯ ದಿನ ಒಂದು ತಾಯಿಮಂಗ ಅದೇ ಗೊಂಬೆಯ ತಲೆಯ ಮೇಲೆ ಕೂತು ಮರಿಯ ಹೇನು ನೋಡುತ್ತಿತ್ತು. ಆದರೆ ಕೆರಿಯಮ್ಮ ಹಿತ್ತಿಲ ಬಾಗಿಲಲ್ಲಿ ನಿಂತು, "ಹ್ಹೋಯ್! ಯಾರದು ಅಲ್ಲಿ? ಇಳೀತೀರಾ, ನಾನೇ ಹತ್ತಿ ಬರ್ಲಾ?" ಎಂದು ಒಂದು ಸಲ ಕೂಗಿದರೆ ಸಾಕು, ಇಡೀ ಹಿಂಡು ಹಳ್ಳ ದಾಟಿ ಕಾಡು ಸೇರುತ್ತಿತ್ತು.

ಹೋದ ದೀಪಾವಳಿ ಕಳೆದು ಒಂದು ವಾರಕ್ಕೆ ಕೆರಿಯಮ್ಮ ಹೀಗೇ ಕೂಗಿದಾಗ ರಸ್ತೆಯಲ್ಲಿ ಹೋಗುತ್ತಿದ್ದ ಕಾರೊಂದು ಗಕ್ಕನೆ ನಿಂತಿತು. ಕನ್ನಡಕದ ಹುಡುಗಿಯೊಬ್ಬಳು ಇಳಿದು ಅಂಗಳಕ್ಕೇ ಓಡಿ ಬಂದಳು. ಪುಟ್ಟಪ್ಪ ಎಂದಿನಂತೆ ಕೈ ಮುಗಿದುಕೊಂಡು ಮುಂದೆ ಹೋದ.

"ನಮ್ಮನೆಯವ್ಳೇ ಅಮ್ಮಾ ಕೂಗಿದ್ದು. ಬ್ರೇಕ್ ಹಾಕ್ಬೇಕಾಯ್ತು ಅಂತ ಕಾಣ್ತದೆ. ಏನೂ ತಿಳ್ಕಬೇಡಿ."

"ಇನ್ನೊಂದ್ಸಲ ಕೂಗ್ತಾರಾ?" ಎಂದಳು ಹುಡುಗಿ, ಏದುಸಿರು ಬಿಡುತ್ತ. "ಇನ್ನೂ ಸ್ವಲ್ಪ ಜೋರಾಗಿ?"

ಕೆರಿಯಮ್ಮ ಬಾಗಿಲಲ್ಲೇ ನಿಂತುಬಿಟ್ಟಳು. ಮೆತ್ತಗೆ ಮಾತಾಡು ಎಂದು ಹೇಳಿದವರನ್ನು ಲೆಕ್ಕ ಹಾಕಿದರೆ ಒಂದು ಊರಾಗುತ್ತದೆ. ಜೋರಾಗಿ ಮಾತಾಡಿ ಎಂದು ಈ ಭೂಮಿಯ ಮೇಲೆ ಯಾರಾದರೂ ಅವಳಿಗೆ ಹೇಳಿದ್ದು ಅದೇ ಮೊದಲು.

ಹುಡುಗಿಯ ಹೆಸರು ಮೇಧಾ. ಸಾಗರದ ಪೇಟೆಯಲ್ಲಿ ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ ನಾಲ್ಕು ಜನರನ್ನು ಕಟ್ಟಿಕೊಂಡು ಕಾರ್ಟೂನ್ ಮಾಡುವ ಸ್ಟುಡಿಯೋ ಇಟ್ಟಿದ್ದಳು. ಬೆಲ್ಲ ನೀರು ಕುಡಿದು, ಜಗಲಿಯ ಮೇಲೆ ಕೂತು, ಎಲ್ಲವನ್ನೂ ಬಿಡಿಸಿ ಹೇಳಿದಳು.

"ಮಕ್ಕಳ ಚಾನೆಲ್ಲಲ್ಲಿ 'ಭಾನುವಾರದ ಬುತ್ತಿ' ಅಂತ ಒಂದು ಕಾರ್ಟೂನ್ ಬರೋದಿದೆ ಅಮ್ಮ. ಅದ್ರಲ್ಲಿ ಮೂರು ಬೇರೆ ಬೇರೆ ಕಥೆ. ಒಂದು ಘಾಟಿ ಇಳಿಯಕ್ಕೆ ಹೆದರೋ ಬಸ್ಸಿಂದು, ಒಂದು ರೋಬೋಟಿಂದು. ಅವೆರಡನ್ನ ಬೇರೆ ಊರಿನೋರು ಮಾಡ್ತಾರೆ. ಮೂರನೇದು ನಮ್ಮದು, ಹುಲಿಯಜ್ಜಿ ಅಂತ. ಹಲ್ಲೆಲ್ಲ ಬಿದ್ದುಹೋದ ಮುದಿ ಹುಲಿ. ಬೇಟೆ ಆಡಕ್ಕಾಗಲ್ಲ, ಗಂಜಿ ಉಂಡ್ಕಂಡು ಕಾಡಿನ ಪಂಚಾಯ್ತಿ ಮಾಡ್ಕಂಡು ಇರ್ತಾಳೆ. ವಾರಕ್ಕೆ ಎರಡು ಕಥೆ, ಸರದಿ ಮೇಲೆ ಬರ್ತವೆ. ಆ ಅಜ್ಜಿಗೆ ಧ್ವನಿ ಹುಡುಕಿ ಹುಡುಕಿ ಸಾಕಾಗಿತ್ತು."

"ಹುಲಿ ಅಂದ್ರೆ ನಾನಾ?" ಎಂದಳು ಕೆರಿಯಮ್ಮ.

"ನಲವತ್ತು ವರ್ಷದಿಂದ ನಾನು ಹೇಳ್ತಾ ಬಂದಿದ್ದೂ ಅದೇ," ಎಂದ ಪುಟ್ಟಪ್ಪ.

ಆ ದಿನವೆಲ್ಲ ಕೆರಿಯಮ್ಮನ ಕಾಲು ನೆಲದ ಮೇಲಿರಲಿಲ್ಲ. ಸಾರಿಗೆ ಎರಡು ಸಲ ಉಪ್ಪು ಬಿತ್ತು, ಪುಟ್ಟಪ್ಪ ತೆಪ್ಪಗೆ ಉಂಡೆದ್ದ.

ಹೊಸನಗರದಲ್ಲಿ ಬಸ್ಸು ಬದಲಿಸಿ ಇಬ್ಬರೂ ಸಾಗರಕ್ಕೆ ಹೋದರು. ರೆಕಾರ್ಡಿಂಗಿನ ಕೋಣೆಯೆಂದರೆ ಗೋಡೆಗೆಲ್ಲ ಹಾಸಿಗೆ ಹೊಡೆದು, ಮುಂದೆ ಒಂದು ಗಾಜು ಇಟ್ಟ ಗೂಡು. ಕೆರಿಯಮ್ಮ ಅದರೊಳಗೆ ನಿಂತಳು. ಮುಂದೆ ಮೈಕು, ಕೈಯಲ್ಲಿ ಕಾಗದ. ನಾಲ್ಕನೇ ಕ್ಲಾಸಿನವರೆಗೆ ಓದಿದವಳು, ಅಕ್ಷರಕ್ಕೆ ತೊಂದರೆಯಿರಲಿಲ್ಲ. ತೊಂದರೆಯಾದದ್ದು ಧ್ವನಿಗೆ. "ಹೋಯ್ ಯಾರದು ಅಲ್ಲಿ ಇಳೀತೀರಾ" ಎಂದು ಅವಳು ಬ್ಯಾಂಕಿನಲ್ಲಿ ಪಾಸ್‌ಬುಕ್ ಕೇಳುವವರ ಹಾಗೆ ಹೇಳಿದಳು. ಮತ್ತೊಮ್ಮೆ ಹೇಳಿದಳು. ಇನ್ನಷ್ಟು ಸಣ್ಣಗಾಯಿತು. ಅರವತ್ನಾಲ್ಕು ವರ್ಷ ಯಾರಿಗೂ ತಗ್ಗಿಸಲಾಗದ ಗಂಟಲು ಸಾಗರದ ಒಂದು ಹಾಸಿಗೆ ಗೋಡೆಗೆ ತಗ್ಗಿಬಿಟ್ಟಿತು. ಕೆರಿಯಮ್ಮನಿಗೆ ಅಳುವೇ ಬರುವಂತಾಯಿತು.

"ಮಂಗ ಇಲ್ದೇ ಎಂತ ಕೂಗದು ಮೇಧಮ್ಮ? ಕಣ್ಣೆದ್ರು ಒಂದು ಬೇಕಲ್ಲ."

ಮೇಧಾ ಯೋಚಿಸಿದಳು. ಆಚೆ ಹೋಗಿ ಒಂದು ಚಿಪ್ಪು ಬಾಳೆಹಣ್ಣು ತಂದಳು. ಗಾಜಿನಾಚೆ ಪುಟ್ಟಪ್ಪನನ್ನು ಸ್ಟೂಲಿನ ಮೇಲೆ ಕುಕ್ಕರುಗಾಲಲ್ಲಿ ಕೂರಿಸಿ, ಕೈಗೆ ಹಣ್ಣು ಕೊಟ್ಟು, ನಿಧಾನಕ್ಕೆ ತಿನ್ನಿ ಎಂದಳು. ಪುಟ್ಟಪ್ಪ ಸಿಪ್ಪೆ ಸುಲಿದ. ಒಂದು ತುಂಡು ಬಾಯಿಗೆ ಹಾಕಿದ. ಹೆಂಡತಿಯ ಕಡೆ ನೋಡಿ ಒಂದು ಸಲ ಬೆನ್ನು ತುರಿಸಿಕೊಂಡ.

"ಹ್ಹೋಯ್! ಯಾರದು ಅಲ್ಲಿ? ಇಳೀತೀರಾ, ನಾನೇ ಹತ್ತಿ ಬರ್ಲಾ?"

ಪುಟ್ಟಪ್ಪ ಸ್ಟೂಲಿನಿಂದ ನಿಜವಾಗಿ ಇಳಿದೇಬಿಟ್ಟ. ರೆಕಾರ್ಡಿಂಗ್ ನೋಡಿಕೊಳ್ಳುವ ಗಜಾನನ, ಮೇಧಾಳ ದೊಡ್ಡಪ್ಪನ ಮಗ, ಹೆಡ್‌ಫೋನು ಕಿತ್ತು ಮೇಜಿನ ಮೇಲೆ ಎಸೆದ. ತಮ್ಮ ಹವ್ಯಕ ಮನೆಮಾತಿನಲ್ಲಿ ಮೇಧಾ ಕೇಳಿದಳು:

"ಎಂತ ಆತು ಗಜಣ್ಣ? ಮೈಕ್ ಹೋತಾ?"

"ಮೈಕ್ ಇದ್ದು," ಎಂದ ಗಜಾನನ, ಕಿವಿಗೆ ಬೆರಳು ಹಾಕಿಕೊಂಡು. "ಎನ್ನ ಕಿವಿ ಇಲ್ಲೆ."

ಅಲ್ಲಿಂದ ಮುಂದೆ ಹುಲಿಯಜ್ಜಿ ಸಿಟ್ಟಾಗುವ ಜಾಗ ಬಂದಾಗಲೆಲ್ಲ ಪುಟ್ಟಪ್ಪ ಸ್ಟೂಲು ಹತ್ತುವುದು ರೂಢಿಯಾಯಿತು. ಮೂರು ಕಂತು ಮುಗಿಯುವಷ್ಟರಲ್ಲಿ ಅವನಿಗೆ ಬಾಳೆಹಣ್ಣೆಂದರೆ ವಾಕರಿಕೆ ಬರುವಂತಾಗಿತ್ತು.

ಸಂಕ್ರಾಂತಿ ಕಳೆದ ಭಾನುವಾರ 'ಭಾನುವಾರದ ಬುತ್ತಿ' ಶುರುವಾಯಿತು. ಅರಳಸುರಳಿಯ ಅರ್ಧ ಊರು ಕೆರಿಯಮ್ಮನ ಮನೆಯ ಟೀವಿ ಮುಂದೆ ಕೂತಿತ್ತು. ಪಟ್ಟೆ ಮಾಸಿದ, ಬಾಯಿ ಬೊಚ್ಚಾದ ಹುಲಿಯೊಂದು ಗಂಜಿ ಬಟ್ಟಲು ಹಿಡಿದುಕೊಂಡು ಗುಹೆಯಿಂದ ಹೊರಬಂದು ಬಾಯಿ ತೆಗೆದದ್ದೇ ತಡ, ಎಲ್ಲರೂ ಟೀವಿ ಬಿಟ್ಟು ಕೆರಿಯಮ್ಮನ ಮುಖ ನೋಡಿದರು. ಕೊನೆಯಲ್ಲಿ ಹೆಸರುಗಳು ಸರಸರ ಓಡಿದವು. ಪುಟ್ಟಪ್ಪ ಟೀವಿಗೆ ಮೂಗು ತಾಗಿಸಿ ನಿಂತಿದ್ದವನು, "ಬಂತು! ಕೆರಿಯಮ್ಮ ಅಂತ ಬಂತು! ಹೋಯ್ತು!" ಎಂದ. ಅವಳಿಗೆ ಅಷ್ಟೇ ಸಾಕಾಗಿತ್ತು.

ಆದರೆ ನಾಲ್ಕು ಭಾನುವಾರ ಕಳೆಯುವಷ್ಟರಲ್ಲಿ ಮೇಧಾಳ ಫೋನು ಬಂತು. ಧ್ವನಿ ಸಪ್ಪಗಿತ್ತು.

"ಕೆರಿಯಮ್ಮೋರೆ, ಹುಲಿಯಜ್ಜಿನ ನೋಡೋರು ಕಡಿಮೆ ಆಗಿದಾರೆ. ಬಸ್ಸು ಮೊದಲು, ರೋಬೋಟು ಎರಡು, ನಾವು ಕೊನೆ. ಮುದುಕಿ ಕಥೆ ಮಕ್ಕಳಿಗೆ ಬೇಡ ಅಂತಿದಾರೆ ಚಾನೆಲ್‌ನೋರು. ನಾಲ್ಕನೇ ಕಂತು ತಡೆಹಿಡಿದಿದಾರೆ. ಹಳೇ ಮೂರು ಯೂಟ್ಯೂಬಲ್ಲಿ ಇರ್ತವೆ. ಒಂದು ತಿಂಗಳಲ್ಲಿ ನೋಡೋರು ಹೆಚ್ಚಾದ್ರೆ ಸರಿ. ಇಲ್ದಿದ್ರೆ ನಮ್ಮದನ್ನ ತೆಗೆದು ಬೇರೆ ಕಥೆ ಹಾಕ್ತಾರೆ."

ಕೆರಿಯಮ್ಮ ಫೋನಿಟ್ಟು ಹಿತ್ತಿಲ ಮೆಟ್ಟಿಲ ಮೇಲೆ ಕೂತಳು. ಹುಲಿಯಜ್ಜಿ ಇಷ್ಟು ಬೇಕಾಗಿಬಿಟ್ಟಿದ್ದಾಳೆಂದು ಅವಳಿಗೇ ಗೊತ್ತಿರಲಿಲ್ಲ. ಟೀವಿಯಲ್ಲಿ ಬರುವ ಆಸೆಯಲ್ಲ ಅದು. ಹುಟ್ಟಿದಾಗಿನಿಂದ ಬೈಸಿಕೊಂಡ ಈ ಗಂಟಲು ಎಲ್ಲೋ ಒಂದು ಮನೆಯ ಮಗುವಿಗೆ ಬೇಕಾಗಿದೆ ಎನ್ನುವ ಒಂದು ಸಂತೋಷ. ಅದು ನಾಲ್ಕೇ ವಾರಕ್ಕೆ ಮುಗಿಯಿತೇ ಎಂದು ಅವಳಿಗೆ ಬಹಳ ಸಂಕಟವಾಯಿತು.

ಸಂಕಟಪಟ್ಟುಕೊಂಡು ಕೂರುವ ಪೈಕಿಯಲ್ಲ ಆಕೆ. ಮಾರನೇ ಬೆಳಿಗ್ಗೆಯಿಂದ ಮನೆ ಮನೆ ತಿರುಗಿದಳು. ಗ್ರಾಮ ಪಂಚಾಯಿತಿ ಚುನಾವಣೆಗೆ ನಿಂತವರೂ ಅಷ್ಟು ತಿರುಗಿರಲಿಕ್ಕಿಲ್ಲ. ಪ್ರತಿ ಮನೆಯಲ್ಲೂ ಫೋನು ತೆಗೆಸಿ, ಹುಲಿಯಜ್ಜಿಯನ್ನು ಹುಡುಕಿಸಿ, ಎದುರು ಕೂತು ನೋಡಿಸಿ, "ಮಕ್ಳಿಗೂ ತೋರ್ಸಿ, ದಿನಾ ತೋರ್ಸಿ" ಎಂದು ಹೇಳಿ ಎದ್ದಳು. ಆಗುವುದಿಲ್ಲ ಎಂದು ಕೆರಿಯಮ್ಮನ ಎದುರು ಹೇಳುವ ಎದೆಗಾರಿಕೆ ಯಾರಿಗಿದೆ? ಎಲ್ಲರೂ ತಲೆಯಾಡಿಸಿದರು. ಅವಳು ಗೇಟು ದಾಟಿದ ಕೂಡಲೇ ಫೋನು ಬದಿಗಿಟ್ಟು ತಮ್ಮ ಕೆಲಸಕ್ಕೆ ಹೋದರು.

ಹಳ್ಳದಾಚೆಯ ಹೂವಯ್ಯನ ಮನೆಯದು ಕೊನೆಯ ಸರದಿ. ಹೂವಯ್ಯ ಎರಡೆಕರೆ ಬಾಳೆ ಹಾಕಿದ ಮನುಷ್ಯ. ಅಂಗಳದಲ್ಲಿ ನಿಂತುಕೊಂಡೇ ಮೂರನೇ ಕಂತು ಹಾಕಿದ, ಸೌಂಡು ಪೂರ್ತಿ ಏರಿಸಿದ. ಹುಲಿಯಜ್ಜಿ "ಹ್ಹೋಯ್! ಯಾರದು ಅಲ್ಲಿ?" ಎಂದಳು. ಮನೆ ಪಕ್ಕದ ಹಲಸಿನ ಮರದಲ್ಲಿ ದಬದಬ ಸದ್ದಾಗಿ, ಏಳೆಂಟು ಮಂಗಗಳು ಒಂದರ ಮೇಲೊಂದು ಬಿದ್ದು ಕಾಡಿನ ಕಡೆ ಓಡಿದವು. ಹೂವಯ್ಯ ಮರ ನೋಡಿದ. ಫೋನು ನೋಡಿದ. ಮತ್ತೆ ಮರ ನೋಡಿದ.

"ಭಾರಿ ಚೆನ್ನಾಗಿದೆ ಅತ್ತಿಗೆ," ಎಂದ ಗಂಭೀರವಾಗಿ. "ದಿನಾ ಹಾಕ್ತೀನಿ."

ಮಾತು ಕೊಟ್ಟ ಹಾಗೆ ನಡೆದುಕೊಂಡವನು ಅವನೊಬ್ಬನೇ. ಮಾರನೇ ದಿನ ಬೆಳಿಗ್ಗೆ ಆರು ಗಂಟೆಗೇ ಹಳ್ಳದಾಚೆಯಿಂದ ಹುಲಿಯಜ್ಜಿಯ ಧ್ವನಿ ಬಂತು. ಸಂಜೆಯವರೆಗೂ ಬರುತ್ತಲೇ ಇತ್ತು. ನಾಲ್ಕು ದಿನದಲ್ಲಿ ಮೇಲಿನ ಮನೆಯಿಂದಲೂ ಬಂತು, ಕೆಳಗಿನ ಕೇರಿಯಿಂದಲೂ ಬಂತು. ಎರಡನೇ ವಾರ ತೀರ್ಥಹಳ್ಳಿ ಸಂತೆಗೆ ಹೋದರೆ ಬಸ್ಸಿನ ಕಿಟಕಿಯಾಚೆ ದಾರಿಯುದ್ದಕ್ಕೂ, ಒಂದು ತೋಟದಲ್ಲಿ ಅರ್ಧ ಕೇಳಿದ ಮಾತು ಮುಂದಿನ ತೋಟದಲ್ಲಿ ಮುಗಿಯುತ್ತಿತ್ತು. ಕೆರಿಯಮ್ಮ ಸೀಟಿನಲ್ಲಿ ನೆಟ್ಟಗೆ ಕೂತು ಸೆರಗು ಸರಿಮಾಡಿಕೊಂಡಳು.

"ಕೇಳಿದ್ರಾ? ತೋಟಕ್ಕೆ ಹೋದ್ರೂ ಬಿಡದೇ ನೋಡ್ತಾರಲ್ಲ ಜನ!"

ಪುಟ್ಟಪ್ಪನಿಗೆ ಜೋರು ಕೆಮ್ಮು ಬಂತು. ತೀರ್ಥಹಳ್ಳಿ ಮುಟ್ಟುವವರೆಗೂ ಕೆಮ್ಮುತ್ತಲೇ ಇದ್ದ.

ಮೇಧಾ ಫೋನು ಮಾಡಿದಾಗ ಈ ಸಲ ಅವಳೇ ಕೂಗುತ್ತಿದ್ದಳು. "ಅಮ್ಮಾ! ಬಸ್ಸು, ರೋಬೋಟು ಎಲ್ಲ ಹಿಂದೆ! ಮಂಡಗದ್ದೆಯಿಂದ ಹಿಡಿದು ವರದಮೂಲದವರೆಗೆ ನಮ್ಮದನ್ನೇ ನೋಡ್ತಿದಾರೆ. ಅದೂ ಮೂರನೇ ಕಂತನ್ನೇ ಮತ್ತೆ ಮತ್ತೆ! ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ. ಆ ಕಡೆ ಮಕ್ಕಳು ಶಾಲೆಗೇ ಹೋಗಲ್ವಾ ಅಂತ ಕೇಳ್ತಿದಾರೆ ಚಾನೆಲ್‌ನೋರು. ಮುಂದಿನ ಶನಿವಾರ ಶ್ರೀಕರ ಅಂತ, ಕಾರ್ಯಕ್ರಮದ ಮುಖ್ಯಸ್ಥರು, ಬೆಂಗಳೂರಿಂದ ನಿಮ್ಮೂರಿಗೇ ಬರ್ತಿದಾರೆ. ನಿಮ್ಮನ್ನೂ ಮಕ್ಕಳನ್ನೂ ಶೂಟಿಂಗ್ ಮಾಡಿ, ಆಮೇಲೆ ಮುಂದಿನ ಹದಿಮೂರು ಕಂತಿಗೆ ಒಪ್ಪಿಗೆ ಕೊಡ್ತಾರಂತೆ."

ಶುಕ್ರವಾರ ಕೆರಿಯಮ್ಮ ಕಡುಬು ಮಾಡಿದಳು. ಇದನ್ನೆಲ್ಲ ಶುರು ಮಾಡಿದ ಪುಣ್ಯಾತ್ಮ ಹೂವಯ್ಯ, ಅವನಿಗೆ ಮೊದಲು ಕೊಡಬೇಕೆಂದು ಪಾತ್ರೆಗೆ ಬಟ್ಟೆ ಕಟ್ಟಿಕೊಂಡು ಹಳ್ಳ ದಾಟಿದಳು. ಮನೆಯಲ್ಲಿ ಯಾರೂ ಇರಲಿಲ್ಲ. ತೋಟದ ಕಡೆಯಿಂದ ತನ್ನದೇ ಧ್ವನಿ ಕೇಳಿಸಿತು. ಮನೆಮಂದಿಯೆಲ್ಲ ಅಲ್ಲೇ ಕೂತು ನೋಡುತ್ತಿರಬೇಕೆಂದು ಖುಷಿಯಿಂದ ಬಾಳೆಯ ಸಾಲಿನೊಳಗೆ ನಡೆದಳು.

ಅಲ್ಲಿಯೂ ಯಾರೂ ಇರಲಿಲ್ಲ. ಒಂದು ಬಾಳೆಮರಕ್ಕೆ ಬಾಳೆನಾರಿನಿಂದ ಫೋನೊಂದನ್ನು ಬಿಗಿದು ಕಟ್ಟಿದ್ದರು. ಇಬ್ಬನಿ ತಾಗದಂತೆ ಮೇಲೆ ಪ್ಲಾಸ್ಟಿಕ್ ಕವರು, ಪಕ್ಕದಲ್ಲಿ ಲೋಟದ ಗಾತ್ರದ ಸ್ಪೀಕರು. ಫೋನಿನ ಮುಖ ಮರದ ಕಡೆಗಿತ್ತು. ಹುಲಿಯಜ್ಜಿ ಆಗಷ್ಟೇ ಕೂಗಿ ಮುಗಿಸಿ, ಹೆದರಿದ ಜಿಂಕೆಮರಿಗೆ "ಅಳಬ್ಯಾಡ ಕಣೇ, ನಿಂಗಲ್ಲ ಬೈದಿದ್ದು, ಬಾ ಗಂಜಿ ಉಣ್ಣು" ಎನ್ನುತ್ತಿದ್ದಳು. ಆ ಒಂದು ಮಾತನ್ನು ಮೆತ್ತಗೆ ಹೇಳಲು ಕೆರಿಯಮ್ಮ ಹನ್ನೊಂದು ಸಲ ಪ್ರಯತ್ನಪಟ್ಟಿದ್ದಳು. ಹನ್ನೆರಡನೆಯ ಸಲಕ್ಕೆ ಸರಿಯಾದಾಗ ಮೇಧಾ ಗಾಜಿನಾಚೆ ಕಣ್ಣೊರೆಸಿಕೊಂಡಿದ್ದಳು. ಈಗ ಅದನ್ನು ಕೇಳುತ್ತ ನಿಂತವು ಐನೂರು ಬಾಳೆಮರ.

ಸಾಲಿನ ಆ ತುದಿಯಿಂದ ಹೂವಯ್ಯ ಪವರ್‌ಬ್ಯಾಂಕ್ ಹಿಡಿದುಕೊಂಡು ಬಂದವನು ಅವಳನ್ನು ಕಂಡು ಹಲ್ಲು ಬಿಟ್ಟ.

"ಓಹೋ, ಅತ್ತಿಗೆ! ನೋಡಿ, ಒಂದು ಗೊನೆ ಹೋಗಿಲ್ಲ ಈ ಸಲ. ಬೇರೆ ಯಾವ ಶಬ್ದಕ್ಕೂ ಜಗ್ಗದ ಮಂಗ ಮಾರಾಯ್ರೆ, ನಿಮ್ಮ ಧ್ವನಿ ಅಂದ್ರೆ ಎದ್ದೆನೋ ಬಿದ್ದೆನೋ ಅಂತವೆ. ನಾನೇ ಎಲ್ಲಾ ವಾಟ್ಸಾಪ್ ಗುಂಪಿಗೂ ಹಾಕಿದೆ. ಈಗ ಮಂಡಗದ್ದೆಯಿಂದ ವರದಮೂಲದವರೆಗೆ ಎಲ್ಲರೂ ನಿಮ್ಮನ್ನೇ ಕಟ್ಟಿದಾರೆ."

"ಎಲ್ಲಿಗೆ ಕಟ್ಟಿದಾರೆ?"

"ಮರಕ್ಕೆ."

"ಯಾರೂ ನೋಡಲ್ವಾ?"

"ಎಂತ ನೋಡದು ಅತ್ತಿಗೆ? ಫೋನು ಮರದಲ್ಲಿದೆಯಲ್ಲ!" ಎಂದ ಹೂವಯ್ಯ. ಮನಸಾರೆ ಹೊಗಳುತ್ತಿದ್ದೇನೆಂದೇ ಅವನ ಭಾವನೆ.

ಕೆರಿಯಮ್ಮ ಕಡುಬಿನ ಪಾತ್ರೆ ಅವನ ಕೈಗಿಟ್ಟು ಮನೆಗೆ ಬಂದಳು. ಮಧ್ಯಾಹ್ನ ಊಟಕ್ಕೆ ಕರೆಯಲಿಲ್ಲ, ಕೋಳಿಗೆ ಬೈಯಲಿಲ್ಲ. ನಾಲ್ಕು ಗಂಟೆಯ ಹೊತ್ತಿಗೆ ಪಕ್ಕದ ಮನೆಯವರು ಗಾಬರಿಯಾಗಿ ಬಂದು, ಕೆರಿಯಮ್ಮನಿಗೆ ಮೈ ಹುಷಾರಿಲ್ಲವೇ ಎಂದು ವಿಚಾರಿಸಿಕೊಂಡು ಹೋದರು. ಪುಟ್ಟಪ್ಪನಿಗೆ ತಡೆಯಲಾಗಲಿಲ್ಲ. ಹತ್ತಿರ ಹೋಗಿ ಕೂತ.

"ನಂಗೆ ಗೊತ್ತಿತ್ತು ಕಣೇ. ನೀನು ಅಷ್ಟು ಖುಷಿಯಾಗಿದ್ದೆ. ಹೇಳಕ್ಕೆ ಮನಸ್ಸು ಬರ್ಲಿಲ್ಲ."

"ಗದ್ದೇಲಿ ಕೋಲಿಗೆ ಹಳೇ ಅಂಗಿ ಹಾಕಿ ಬೆರ್ಚಪ್ಪನ್ನ ನಿಲ್ಲಿಸ್ತೀವಲ್ಲ," ಎಂದಳು ಕೆರಿಯಮ್ಮ. "ನಾನು ಅದಾದೆ. ಅದಕ್ಕಿಂತ ಜಾಸ್ತಿ ಏನೂ ಆಗ್ಲಿಲ್ಲ."

ಶನಿವಾರ ಹತ್ತು ಗಂಟೆಗೆ ಎರಡು ಕಾರು ಬಂದವು. ಶಾಲೆಯ ಮೇಷ್ಟ್ರು ಕಳಿಸಿದ ಇಪ್ಪತ್ತೈದು ಮಕ್ಕಳು ಅಂಗಳದಲ್ಲಿ ಸಾಲಾಗಿ ಕೂತಿದ್ದರು. ಮೇಧಾ ಇಳಿದವಳೇ ಕೆರಿಯಮ್ಮನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು. ಅವಳ ಮುಖ ಬಿಳಿಚಿಕೊಂಡಿತ್ತು.

"ನಂಗೂ ನಿನ್ನೆ ಗೊತ್ತಾಯ್ತು ಅಮ್ಮ. ನಮ್ಮ ಅಪ್ಪಯ್ಯನೂ ಕಟ್ಟಿದಾರೆ, ಏಲಕ್ಕಿ ಗಿಡದ ಹತ್ರ. ದಯವಿಟ್ಟು ಇವತ್ತೊಂದು ದಿನ ಏನೂ ಹೇಳಬೇಡಿ. ಅವ್ರು ಒಪ್ಪಿಗೆ ಕೊಟ್ಟು ಹೋಗ್ಲಿ."

ಕೆರಿಯಮ್ಮ ತಲೆಯಾಡಿಸಿದಳು. ಹೇಳಬಾರದೆಂದೇ ಹೊರಗೆ ಬಂದಳು. ಹುಲಿಯಜ್ಜಿ ಉಳಿಯಬೇಕೆಂದು ಅವಳಿಗಿಂತ ಹೆಚ್ಚು ಆಸೆಯಿದ್ದವರು ಯಾರು?

ಶ್ರೀಕರ ನಲವತ್ತರ ಸುಮಾರಿನ ನಗುಮುಖದ ಮನುಷ್ಯ. ಕ್ಯಾಮೆರಾ ಸಿದ್ಧವಾಗುತ್ತಲೇ ಬೆಂಗಳೂರಿಂದ ತಂದ ಶಾಲನ್ನು ಬಿಡಿಸಿ ಕೆರಿಯಮ್ಮನ ಹೆಗಲಿಗೆ ಹೊದೆಸಿದ. "ಅಮ್ಮ, ನಾನು ಹದಿನೈದು ವರ್ಷದಿಂದ ಮಕ್ಕಳ ಕಾರ್ಯಕ್ರಮ ಮಾಡ್ತಿದೀನಿ," ಎಂದ ಭಾವುಕನಾಗಿ. "ಒಂದು ಪಾತ್ರನ ಮಕ್ಕಳು ಬೆಳಗಿಂದ ಸಂಜೆವರೆಗೂ ಇಷ್ಟು ಪ್ರೀತಿಯಿಂದ ನೋಡಿದ್ದು ನಾನು ಕಂಡೇ ಇಲ್ಲ."

ಶಾಲು ಮೈಮೇಲೆ ಮುಳ್ಳಿನಂತೆ ಚುಚ್ಚತೊಡಗಿತು. ಕೆರಿಯಮ್ಮ ಮೇಧಾಳ ಕಡೆ ನೋಡಿದಳು. ಮೇಧಾ ಕಣ್ಣಲ್ಲೇ ಬೇಡ ಎಂದಳು. ತಡೆದುಕೊಳ್ಳಲು ಕೆರಿಯಮ್ಮ ನಿಜಕ್ಕೂ ನೋಡಿದಳು, ಆಗಲಿಲ್ಲ. ಶಾಲು ತೆಗೆದು ಮಡಿಸಿ ಅವನ ಕೈಗೇ ಕೊಟ್ಟಳು.

"ಮಕ್ಳಲ್ಲ ಸಾರ್. ಮಂಗ."

"ಅಂದ್ರೆ?"

"ಮಂಗ ಓಡ್ಸಕ್ಕೆ ನನ್ನ ಮರಕ್ಕೆ ಕಟ್ಟಿದಾರೆ. ಮೂರೂ ತಾಲ್ಲೂಕಲ್ಲಿ."

ಶ್ರೀಕರನಿಗೆ ವಿಷಯ ತಲೆಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ಪುಟ್ಟಪ್ಪ ಬಿಡಿಸಿ ಹೇಳಿದ. ನೋಡಲು ಬಂದಿದ್ದ ಹೂವಯ್ಯ, ಬೇಕಾದರೆ ತೋಟಕ್ಕೆ ಬಂದು ನೋಡಿ ಎಂದು ಉತ್ಸಾಹದಿಂದ ಕರೆದ.

"ಹಾಗಾದ್ರೆ ನಮ್ಮ ಕಾರ್ಯಕ್ರಮನ ಇಲ್ಲಿ ಮಂಗಗಳು ನೋಡ್ತಿವೆ?"

"ಅವೂ ನೋಡಲ್ಲ ಸಾರ್," ಎಂದಳು ಕೆರಿಯಮ್ಮ. "ಓಡಿಹೋಗ್ತವೆ."

ಕ್ಯಾಮೆರಾದವನು ನಗು ತಡೆಯಲಾಗದೆ ಬೇಲಿಯ ಕಡೆ ತಿರುಗಿಕೊಂಡ. ಶ್ರೀಕರ ನಗಲಿಲ್ಲ. ಹಣೆ ಒರೆಸಿಕೊಂಡು, ಸಾಮಾನು ಕಟ್ಟಿ ಎಂದ. "ನೀವು ನಿಜ ಹೇಳಿದ್ದು ದೊಡ್ಡದು ಅಮ್ಮ. ಆದ್ರೆ ಮಕ್ಕಳು ನೋಡದ ಕಥೆನ ನಾನು ಮುಂದುವರಿಸಕ್ಕಾಗಲ್ಲ. ಮೇಧಾ, ಕ್ಷಮಿಸಿ. ಹುಲಿಯಜ್ಜಿನ ಇಲ್ಲಿಗೇ ನಿಲ್ಲಿಸ್ತೀವಿ." ಹಾಗೆಂದು ಕಾರಿನ ಕಡೆ ನಡೆದ.

ಮೇಧಾ ಕಂಬಕ್ಕೊರಗಿ ನಿಂತಳು. ತನ್ನ ಕೈಯಾರೆ ಹುಲಿಯಜ್ಜಿಯನ್ನು ಕೊಂದೆನಲ್ಲ ಎಂದು ಕೆರಿಯಮ್ಮನಿಗೆ ಅನ್ನಿಸಿತು. "ಮನೆಗೆ ಹೋಗ್ರೋ ಮಕ್ಳಾ," ಎಂದಳು.

ಮಕ್ಕಳು ಏಳಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಹೂವಯ್ಯನ ಮೊಮ್ಮಗಳು ಪ್ರತಿಮಾ, ಮೂರನೇ ಕ್ಲಾಸಿನ ಎರಡು ಜಡೆಯ ಹುಡುಗಿ, ಎದ್ದು ನಿಂತಳು.

"ಅಜ್ಜಿ, ಆ ಮುದಿ ಮಂಗ ಮಾರನೇ ದಿನ ಬಂತಾ?"

"ಯಾವ ಮಂಗನೇ?"

"ನೀವು 'ನಾಳೆ ಬಾ, ನಿನ್ನ ನ್ಯಾಯ ತೀರಿಸ್ತೀನಿ' ಅಂದ್ರಲ್ಲ, ಅದು. ದಿನಾ ಅಲ್ಲಿಗೇ ನಿಂತೋಗ್ತದೆ, ಮತ್ತೆ ಮೊದಲಿಂದ ಶುರುವಾಗ್ತದೆ. ಜೇನು ಕದ್ದಿದ್ದು ಅದಲ್ಲ ಅಜ್ಜಿ, ಕರಡಿ. ನಮಗೆಲ್ಲ ಗೊತ್ತು. ನಿಮಗೊಬ್ರಿಗೇ ಗೊತ್ತಿಲ್ಲ."

"ಕರಡಿ ಅಲ್ಲ, ನರಿ!" ಎಂದು ಹಿಂದಿನ ಸಾಲಿನಿಂದ ಕೂಗು ಬಂತು. ಅಷ್ಟೇ, ಅಂಗಳವೆಲ್ಲ ಜಗಳವಾಯಿತು. ಶಾಲೆಗೆ ಹೋಗುವ ದಾರಿ ತೋಟಗಳ ನಡುವೆ. ಮೂರು ವಾರದಿಂದ ಮಕ್ಕಳು ದಿನಕ್ಕೆರಡು ಸಲ ಅದನ್ನೇ ಕೇಳಿಕೊಂಡು ನಡೆದಿದ್ದರು. ದೊಡ್ಡವರಿಗೆ ಬೇಕಾದದ್ದು ಆ ಒಂದು ಕೂಗು. ಮಕ್ಕಳಿಗೆ ಕಥೆ ಪೂರ್ತಿ ಬಾಯಿಪಾಠ. ಜಿಂಕೆಮರಿಯ ಮಾತು ಬರುವ ಜಾಗದಲ್ಲಿ ಬೇಲಿಯ ಪಕ್ಕ ನಿಂತು ಶಾಲೆಗೆ ತಡವಾಗಿ ಹೋಗಿ ಮೇಷ್ಟ್ರಿಂದ ಬೈಸಿಕೊಂಡವರು ಅವರಲ್ಲಿ ಎಂಟು ಜನರಿದ್ದರು. ಫೋನು ಮರದಲ್ಲಿದ್ದರಿಂದ ಚಿತ್ರ ಮಾತ್ರ ಹೆಚ್ಚಿನವರು ಕಂಡಿರಲಿಲ್ಲ. ಹುಲಿಯಜ್ಜಿಗೆ ಎಷ್ಟು ಹಲ್ಲಿದೆ ಎಂಬುದರ ಮೇಲೆ ಎರಡು ಪಕ್ಷವಾಗಿ, ಒಂದು ಪಕ್ಷದವರು ಇನ್ನೊಂದು ಪಕ್ಷದವರ ಹತ್ತಿರ ಒಂದು ವಾರ ಮಾತು ಬಿಟ್ಟಿದ್ದರಂತೆ.

"ಹೇಳಿ ಅಜ್ಜಿ," ಎಂದಳು ಪ್ರತಿಮಾ. "ಅವ್ರು ನಿಲ್ಲಿಸ್ತಾರಂತಲ್ಲ. ನಿಲ್ಲಿಸೋ ಮುಂಚೆ ಅದೊಂದು ಹೇಳಿಬಿಡಿ."

ಕಾರಿನ ಬಾಗಿಲು ಹಿಡಿದಿದ್ದ ಶ್ರೀಕರ ತಿರುಗಿ ನಿಂತ.

ಕೆರಿಯಮ್ಮ ಮೆಟ್ಟಿಲ ಮೇಲೆ ಕೂತಳು. ತಡೆಹಿಡಿದ ನಾಲ್ಕನೇ ಕಂತಿನ ಕಾಗದವನ್ನು ಮೇಧಾ ಮೊದಲೇ ಕೊಟ್ಟಿದ್ದಳು, ಅವಳು ಅದನ್ನು ಅಕ್ಷರಕ್ಷರ ಓದಿಟ್ಟುಕೊಂಡಿದ್ದಳು. "ಬಂತು ಕಣ್ರೋ," ಎಂದಳು. "ಅದೊಂದೇ ಅಲ್ಲ, ಹೆಂಡ್ತಿ ಮಕ್ಳನ್ನೂ ಕರ್ಕಂಡು ಬಂತು." ಮುಂದಕ್ಕೆ ಹುಲಿಯಜ್ಜಿಯೇ ಹೇಳಿದಳು. ಮುದಿ ಮಂಗ ಆಣೆ ಮಾಡಿತು, ಕರಡಿ ಸುಳ್ಳು ಸಾಕ್ಷಿ ಹೇಳಿತು, ಜಿಂಕೆಮರಿ ಮಾತ್ರ ಏನೋ ಹೇಳಲು ಹೋಗಿ ಸುಮ್ಮನಾಯಿತು. ಮಕ್ಕಳು ಒಬ್ಬೊಬ್ಬರಾಗಿ ಸಾಲು ಬಿಟ್ಟು ಮುಂದೆ ಸರಿದರು. ಶ್ರೀಕರನೂ ಅಂಗಳದೊಳಕ್ಕೆ ಬಂದ. ಕಳ್ಳ ಯಾರೆಂದು ಗೊತ್ತಾಗುವ ಜಾಗ ಬಂದಾಗ ಅವನು ಕೈಯೆತ್ತಿ ಕೂಗಿದ:

"ಅಮ್ಮ, ಅಲ್ಲಿಗೆ ನಿಲ್ಸಿ! ಮಿಕ್ಕಿದ್ದು ಟೀವೀಲಿ ಬರ್ಲಿ. ನಾಳೆ ಬಿಟ್ಟು ಮುಂದಿನ ಭಾನುವಾರ. ಮೇಧಾ, ನಾಲ್ಕನೇ ಕಂತು ರೆಡಿ ಮಾಡಿ, ಅದರ ಮುಂದಿನವೂ ಮಾಡಿ."

ಮೇಧಾ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಪುಟ್ಟಪ್ಪ ಬಾಯಿ ಬಿಟ್ಟುಕೊಂಡೇ ನಿಂತ. ಕೆರಿಯಮ್ಮ ಶ್ರೀಕರನನ್ನು ನೋಡಿದಳು, ಮಕ್ಕಳನ್ನು ನೋಡಿದಳು.

"ಟೀವೀಲೂ ಬರ್ಲಿ ಸಾರ್, ಅದು ನಿಮ್ಮ ದೊಡ್ಡ ಉಪಕಾರ," ಎಂದಳು. "ಆದ್ರೆ ಇವು ಮೂರು ವಾರದಿಂದ ಕಾಯ್ತಾ ಇದಾವೆ. ಇನ್ನೊಂದು ವಾರ ಕಾಯಿ ಅಂತ ನಂಗೆ ಹೇಳಕ್ಕಾಗಲ್ಲ."

ಶ್ರೀಕರ ಪ್ರತಿಮಾಳ ಪಕ್ಕದಲ್ಲಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಕೆರಿಯಮ್ಮ ಮುಂದುವರಿಸಿದಳು. ನಡುನಡುವೆ ಕಣ್ಣು ತುಂಬಿ ಬರುತ್ತಿತ್ತು, ಸೆರಗಿನಿಂದ ಒರೆಸಿಕೊಳ್ಳುತ್ತಿದ್ದಳು. ಕಥೆಯನ್ನು ಮಾತ್ರ ನಿಲ್ಲಿಸಲಿಲ್ಲ, ಕೇಳುವವರು ಎದುರಿಗೇ ಕೂತಿದ್ದರು.